ಗೋಡೆಯ ಮೇಲಿನ ಕಪ್ಪೆಬಾಯಿ ಹಕ್ಕಿ

"ಈ ಪಟಕ್ಕೋಸ್ಕರ ನಮ್ಮ ಕ್ಲೆಮ್ ಒಂಬತ್ತು ದಿನ ಊಟ ನೀರಿಲ್ಲದೆ ಮರದ ಕೆಳಗೆ ಕೂತಿದ್ದ. ಇರುವೆಗಳು ಅವನ ಬೂಟಿನೊಳಗೇ ಸಂಸಾರ ಹೂಡಿ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಂಡ್ವು!"

ಏಣಿಯ ಮೇಲಿದ್ದ ಟೆಗನ್ ಹುಬ್ಬೇರಿಸಿದಳು. ಊರಿನ ನಿಸರ್ಗ ಛಾಯಾಗ್ರಾಹಕರ ಕ್ಲಬ್ಬಿಗೆ ಅವಳು ಹೊಸ ಕಾರ್ಯದರ್ಶಿ.

"ಸರಿ, ಅರ್ಧ ಸುಳ್ಳು," ಎಂದಳು ಮುದುಕಿ ಮ್ಯಾವಿಸ್. "ನಾಲ್ಕೂವರೆ ದಿನ. ಜೊತೆಗೆ ಎರಡು ಮಾಂಸದ ಪೈ, ಫ್ಲಾಸ್ಕ್ ತುಂಬ ಚಹಾ. ಇರುವೆ ಮಾತ್ರ ನಿಜ. ಪಟ ಇದ್ದಲ್ಲೇ ಇರ್ಲಿ ಬಿಡು ಚಿನ್ನ."

"ಧೂಳು ಒರೆಸ್ತಿದೀನಿ ಅಷ್ಟೆ. ಇದರ ನೆಗೆಟಿವ್ ಸಿಕ್ಕಿದೆ ಮ್ಯಾವಿಸ್! ಕ್ಲಬ್ಬಿಗೆ ಐವತ್ತು ವರ್ಷ ಆಯ್ತಲ್ಲ, ಬಾಗಿಲಷ್ಟು ದೊಡ್ಡದು ಮಾಡಿಸ್ತೀನಿ. ಹಕ್ಕಿಯ ಒಂದೊಂದು ಪುಕ್ಕಾನೂ ಎಣಿಸಬಹುದು."

ಮ್ಯಾವಿಸ್ ಕುರ್ಚಿ ಹುಡುಕಿ ಕೂತಳು. ಎಣಿಸಲು ಅಲ್ಲಿ ಪುಕ್ಕವೇ ಇರಲಿಲ್ಲ. ಆ ಗುಟ್ಟನ್ನು ಅವಳು ಮೂವತ್ತೆಂಟು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ಕಪ್ಪೆಬಾಯಿ ಹಕ್ಕಿ ಹಗಲಿಡೀ ಕತ್ತೆತ್ತಿ, ಕಣ್ಣು ಮುಚ್ಚಿ, ಮುರಿದ ಕೊಂಬೆಯಂತೆ ಕೂತುಬಿಡುತ್ತದೆ. ಆ ವರ್ಷ ಅವಳ ಗಂಡ ಕ್ಲೆಮ್‌ಗೆ ಅದರದೇ ಹುಚ್ಚು. ತಮ್ಮ ಮದುವೆಯ ವಾರ್ಷಿಕ ದಿನವನ್ನೂ ಮರೆತು ಕ್ಯಾಮೆರಾ ಹೆಗಲಿಗೇರಿಸಿ ಕಾಡಿಗೆ ಹೋದ. ಮ್ಯಾವಿಸ್‌ಗೆ ರೇಗಿತು. ನಾಲ್ಕು ದಿನ ಕಾದು, ಐದನೆಯ ದಿನ ಬೆಳಿಗ್ಗೆ ಒಂದು ಸೌದೆ ಕೊರಡು ಆರಿಸಿ, ಕೋಳಿಗೂಡಿನ ಹಿಂದಿನ ನೀಲಗಿರಿ ಮರಕ್ಕೆ ಬೇಲಿ ತಂತಿಯಿಂದ ಬಿಗಿದಳು. ಬಂದು ನೋಡಲಿ, ಮಂಗನಾಗಲಿ ಎಂದುಕೊಂಡಳು.

ಮಧ್ಯಾಹ್ನ ಕ್ಲೆಮ್ ಓಡುತ್ತ ಬಂದ. ಅವಳನ್ನೆತ್ತಿ ಅಡುಗೆಮನೆಯ ತುಂಬ ಗಿರಗಿರ ತಿರುಗಿಸಿದ. "ಸಿಕ್ತು ಕಣೇ! ನಮ್ಮ ಕೋಳಿಗೂಡಿನ ಹಿಂದೇನೇ!"

ಹೇಳಲೆಂದು ಅವಳು ಬಾಯಿ ತೆರೆದಳು. ಅವನ ಮುಖ ನೋಡಿ ಮುಚ್ಚಿದಳು.

ಅಂಗೈಯಗಲದ ಆ ಪಟ ಬಹುಮಾನ ಗೆದ್ದು ಗೋಡೆ ಏರಿತು. ಗೌರವ ಫಲಕದ ತುದಿಯಲ್ಲಿ ಕ್ಲೆಮ್‌ನ ಹೆಸರು ಬಂತು. ಆಮೇಲೆ ಅವನು ಮದುವೆಯ ದಿನ ಒಮ್ಮೆಯೂ ಮರೆಯಲಿಲ್ಲ. ಪ್ರತಿ ವರ್ಷ ಹೂವು ತರುತ್ತಿದ್ದ. ಜೊತೆಗೆ ಒಂದು ಸುರುಳಿ ತಂತಿ.

"ಹುರುಳಿಕಾಯಿ ಬಳ್ಳಿ ಕಟ್ಟೋಕೆ," ಎನ್ನುತ್ತಿದ್ದ. "ಏನಾದ್ರೂ ಹೇಳೋದಿದೆಯಾ ಮ್ಯಾವಿಸ್?"

"ಇದೆ. ಮುಂದಿನ ಸಲ ಚಿನ್ನದ ತಂತಿ ತಾ!"

ಉಡುಗೊರೆ ಆರಿಸಲು ಗೊತ್ತಿಲ್ಲದ ಗಂಡಸು ಎಂದು ಅವಳು ಊರೆಲ್ಲ ಆಡಿಕೊಂಡಳು. ಅವನು ತೀರಿಕೊಂಡು ಆರು ವರ್ಷವಾಗಿತ್ತು.

ಈಗ ಅವಳಿಗೆ ಹೆದರಿಕೆ ಶುರುವಾದದ್ದು ಕ್ಲಬ್ಬಿನ ಸದಸ್ಯ ಬೆವನ್‌ನನ್ನು ನೆನೆದು. ಹೋದ ವರ್ಷ ಅವನು ಅಂಗಡಿಯ ಚಾವಣಿಯ ಮೇಲಿದ್ದ ಪ್ಲಾಸ್ಟಿಕ್ ಗೂಬೆಯ ಪಟ ತೆಗೆದು, ನಿಜವಾದ ಗೂಬೆಯೆಂದೇ ಎಲ್ಲರಿಗೂ ಹಂಚಿದ್ದ. ಕ್ಲಬ್ಬಿನ ಕಟ್ಟಳೆ ಕಟ್ಟಳೆಯೇ: ಸುಳ್ಳು ಹಕ್ಕಿ ತೋರಿಸಿದವನ ಹೆಸರು ಫಲಕದಿಂದ ಔಟ್, ವರ್ಷವಿಡೀ ಚಹಾ ಹಂಚುವ ಕೆಲಸ. ಸತ್ತವನ ಕೈಯಲ್ಲಿ ಚಹಾ ಹಂಚಿಸಲಾಗದು. ಹೆಸರನ್ನು ಮಾತ್ರ ಅಳಿಸಬಹುದು.

ಶನಿವಾರ ಬೆಳಿಗ್ಗೆ ಎಲ್ಲರೂ ಸೇರಿದರು. ವಾರದ ಪಟಗಳು ಕೈಯಿಂದ ಕೈಗೆ ಹೋದವು. ಬೆವನ್ ಹೆಗಲಿಗೆ ಟವೆಲ್ ಹಾಕಿಕೊಂಡು ಚಹಾ ಕೊಟ್ಟ. ನಗರದಿಂದ ಸುತ್ತಿಕೊಂಡೇ ಬಂದಿದ್ದ ದೊಡ್ಡ ಪಟವನ್ನು ಟೆಗನ್ ಗೋಡೆಗೆ ತೂಗುಹಾಕಿ ಸುರುಳಿ ಬಿಚ್ಚಿದಳು.

ಎಡಗಡೆ, ಇಷ್ಟು ವರ್ಷ ಎಲ್ಲರೂ ಬೆರಳಿಟ್ಟು ತೋರಿಸಿದ ಹಕ್ಕಿ. ಅದರ ಸೊಂಟಕ್ಕೆ ಮೂರು ಸುತ್ತು ತಂತಿ.



"ತಪ್ಪು ನಂದು," ಮ್ಯಾವಿಸ್ ಎದ್ದು ನಿಂತಳು. "ಕೊರಡು ಕಟ್ಟಿದ್ದು ನಾನು. ಪಾಪ, ಕ್ಲೆಮ್ ನಂಬಿಬಿಟ್ಟ. ಅವನ ಹೆಸರು ಅಳಿಸ್ಬೇಡಿ. ಬೇಕಾದ್ರೆ ಸಾಯೋ ತನಕ ನಾನೇ ಚಹಾ ಹಂಚ್ತೀನಿ. ನೂರಿಪ್ಪತ್ತು ವರ್ಷ ಬದುಕ್ತೀನಿ ನೋಡ್ತಿರಿ."

ಬೆವನ್ ಖುಷಿಯಿಂದ ಟವೆಲ್ ತೆಗೆದು ಅವಳ ಹೆಗಲಿಗೆ ಹಾಕಿದ. "ನಂಗೆ ಎರಡು ಚಮಚ ಸಕ್ಕರೆ."

ಟೆಗನ್ ಮಾತ್ರ ಪಟಕ್ಕೆ ಮೂಗು ತಾಗಿಸಿ ನಿಂತಿದ್ದಳು. "ಮ್ಯಾವಿಸ್, ನೀವು ಎಷ್ಟು ಕೊರಡು ಕಟ್ಟಿದ್ರಿ?"

"ಒಂದೇ."

"ಹಾಗಾದ್ರೆ ಪಕ್ಕದಲ್ಲಿರೋದೇನು?"

ಬಲಗಡೆ ಒಂದು ಮೋಟು ಕೊಂಬೆ. ಯಾರೂ ಅದನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಈಗ ಅದಕ್ಕೆ ಕೊಕ್ಕಿತ್ತು. ಕೊಕ್ಕಿನ ಬುಡದಲ್ಲಿ ಮೀಸೆಯಂಥ ಪುಕ್ಕವಿತ್ತು. ಕೂದಲೆಳೆಯಷ್ಟು ತೆರೆದ ಕಣ್ಣಿತ್ತು. ನಿಜವಾದ ಕಪ್ಪೆಬಾಯಿ ಹಕ್ಕಿ, ಸಂಗಾತಿ ಸಿಕ್ಕಿತೆಂಬಂತೆ ಮ್ಯಾವಿಸ್‌ಳ ಸೌದೆಗೆ ಒತ್ತಿಕೊಂಡು ಕೂತಿತ್ತು!

ಬೆವನ್ ಟವೆಲ್ ವಾಪಸು ತೆಗೆದುಕೊಂಡ.

ಮ್ಯಾವಿಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅಯ್ಯೋ ನನ್ನ ದಡ್ಡ ಕ್ಲೆಮ್! ಪಕ್ಕದಲ್ಲೇ ಹಕ್ಕಿ ಇಟ್ಕೊಂಡು ನನ್ನ ಸೌದೆ ನೋಡಿ ಕುಣಿದ್ಯಲ್ಲೋ!"

ಟೆಗನ್ ಹಳೆಯ ಪಟವನ್ನು ಮೊಳೆಯಿಂದ ಇಳಿಸಿ ಅವಳ ಕೈಗಿತ್ತಳು. "ಇದು ನಿಮ್ಮನೇಲಿರ್ಲಿ. ಹಿಂದೆ ಏನೋ ಬರೆದಿದೆ ನೋಡಿ."

ಮ್ಯಾವಿಸ್ ಓದಿದ್ದು ನಾಲ್ಕೇ ತರಗತಿ. ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಪೆನ್ಸಿಲಿನಲ್ಲಿ, ಕ್ಲೆಮ್‌ನ ಕೈಬರಹ:

"ಬಲಕ್ಕೆ ಹಕ್ಕಿ. ಎಡಕ್ಕೆ ಮ್ಯಾವಿಸ್ ಕಟ್ಟಿದ ಕೊರಡು. ಅವಳಾಗಿ ಬಾಯಿ ಬಿಡುವ ತನಕ ನಾನೂ ಬಿಡುವುದಿಲ್ಲ."

"ಏನಂತೆ? ಏನಂತೆ?" ಎಂದು ಎಲ್ಲರೂ ಮುತ್ತಿದರು.

ಮ್ಯಾವಿಸ್ ಪಟವನ್ನು ಎದೆಗೊತ್ತಿಕೊಂಡಳು. "ನೀವೇ ಊಹಿಸಿ ನೋಡೋಣ. ಸುಳಿವು ಬೇಕಾ? ನಮ್ಮನೆ ಷೆಡ್ಡಿನಲ್ಲಿ ಮೂವತ್ತೆರಡು ಸುರುಳಿ ತಂತಿ ಇದೆ."