ಮಳೆಗೆ ಬಿಟ್ಟ ಗೋಡೆ

ಲೆಸೊಥೊದ ಬೆಟ್ಟ ಇಳಿದು ಬಂದ ಮಳೆಯ ಮೊದಲ ಹನಿಗಳು ಗೋಡೆಗೆ ಬೀಳುತ್ತಿದ್ದಂತೆ ಸೊಸೆ ಲಿಂಪೊ ತಾಡಪಾಲು ಹಿಡಿದು ಓಡಿಬಂದಳು. "ಅತ್ತೆ, ಅಷ್ಟು ದಿನ ಕೂತು ಬರೆದದ್ದೆಲ್ಲ ಕರಗಿಹೋಗ್ತಿದೆ!"

"ಮುಚ್ಚಬೇಡ ಕಣೇ," ಎಂದು ಮಾಪುಲೆಂಗ್ ಅದನ್ನು ಕಿತ್ತುಕೊಂಡಳು. ಸಗಣಿ, ಕೆಮ್ಮಣ್ಣು ಮೆತ್ತಿ, ಹಸಿಯಿರುವಾಗಲೇ ಮುಳ್ಳುಚಮಚದಿಂದ ಗೀರಿದ್ದ ಉತ್ತ ಹೊಲದಂಥ ಸಾಲುಗಳು ಕರಗಿ ಇಳಿದು ಅವಳ ಬರಿಗಾಲುಗಳನ್ನು ಕೆಂಪಾಗಿಸಿದವು. ಮಳೆ ಕೊಡಿ ಎಂದು ಗತಿಸಿದ ಹಿರಿಯರನ್ನು ಬೇಡಿ ಬರೆದ ಚಿತ್ರ ಅದು. ಮೆಚ್ಚಿದರೆ ಅವರೇ ಮಳೆಯಾಗಿ ಬಂದು ಒಯ್ಯುತ್ತಾರೆ.

ಎದುರುಮನೆಯ ಮಾಲೆರಾಟೊ ಬಾಗಿಲಿಗೆ ಬಂದು ನಕ್ಕಳು. "ಅಂಗಡಿ ಬಣ್ಣ ಹಚ್ಚು ಅಂತ ಬಡ್ಕೊಂಡೆ. ನೋಡು, ನಂದು ಹೇಗಿತ್ತೋ ಹಾಗೇ ಇದೆ!"

ಮಾಪುಲೆಂಗ್ ಸೊಂಟದ ಮೇಲೆ ಕೈಯಿಟ್ಟು, ಕೇರಿಗೆಲ್ಲ ಕೇಳುವಂತೆ ಕೂಗಿದಳು: "ಅಯ್ಯೋ ಪಾಪ! ನಿಂದನ್ನ ಯಾರೂ ತಗೊಂಡು ಹೋಗ್ಲೇ ಇಲ್ವೇನೇ?"