ಮರಿ ಯಜಮಾನನ ಬಾಯಿಪಾಠ

ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಸರ್ವರ್ ಅಕ್ಕ ಯಜಮಾನನನ್ನು ನಿಲ್ಲಿಸಿ ಮತ್ತೆ ಶುರು ಮಾಡಲು ಹೇಳಿ ಕುರ್ಚಿಗೆ ಒರಗಿದಳು. ಇನ್ನೇನು ಚಹಾ ಕುಡಿಯಲು ಏಳಬೇಕು, ಅಷ್ಟರಲ್ಲಿ ಪರದೆಯ ಮೇಲೆ ಚಿತ್ರಗಳ ಸಂಖ್ಯೆ ಸರಸರನೆ ಇಳಿಯತೊಡಗಿತು.

ಯಜಮಾನ ಅಂದರೆ ಮನುಷ್ಯನಲ್ಲ. ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳೆಲ್ಲ ಒಂದು ಕೋಣೆ ತುಂಬ ಯಂತ್ರಗಳಲ್ಲಿ ಹಂಚಿಹೋಗಿದ್ದವು, ಒಂದೊಂದಕ್ಕೂ ಮೂರು ಪ್ರತಿ. ಅವುಗಳ ಮೇಲ್ವಿಚಾರಣೆಗಿದ್ದ ಸಾಫ್ಟ್‌ವೇರ್‌ಗೆ ಆಫೀಸಿನವರಿಟ್ಟ ಹೆಸರು ಅದು. ಯಜಮಾನ ಕೈಕೊಟ್ಟರೆ ಆ ಕ್ಷಣವೇ ಅವನ ಜಾಗಕ್ಕೆ ಬರಲು ಪಕ್ಕದ ಯಂತ್ರದಲ್ಲೊಬ್ಬ ಮರಿ ಯಜಮಾನ ಕಾದಿರುತ್ತಿದ್ದ. ಇಬ್ಬರ ಹೊಟ್ಟೆಯೊಳಗೂ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪುಟ್ಟ ಪುಟ್ಟ ಮಾಡ್ಯೂಲ್‌ಗಳು, ಒಂದೊಂದು ಕೆಲಸಕ್ಕೆ ಒಂದೊಂದು. ಹೊಸದಾಗಿ ಬಂದದ್ದು 'ಪೊರಕೆ'. ಬೇಡದ ಚಿತ್ರಗಳನ್ನು ಗುಡಿಸಿ ಹಾಕುವುದು ಅದರ ಕೆಲಸ. ಬರೆದವನು ಪಕ್ಕದ ಮೇಜಿನ ನಿಧಾನಪ್ಪ.

ಬೆಳಿಗ್ಗೆ ಅದನ್ನು ಓದಿ ನೋಡಿದ ಅಕ್ಕ ಹೌಹಾರಿದ್ದಳು. ವರ್ಷದಿಂದ ಯಾರೂ ತೆರೆಯದ ಚಿತ್ರವೆಲ್ಲ ಪೊರಕೆಯ ಕಣ್ಣಿಗೆ ಕಸ. ಅವಳ ತಂಗಿಯ ಮಗಳ ಎದೆಯ ಚಿತ್ರಗಳೂ ಅದರಲ್ಲಿದ್ದವು, ಮಗು ಹುಟ್ಟಿದಾಗ ತೆಗೆದವು. ಇವತ್ತು ಮೇಲಿನ ಮಹಡಿಯಲ್ಲಿ ಅದೇ ಮಗುವಿನ ಹೃದಯದ ಆಪರೇಷನ್. ಹಳೆಯ ಚಿತ್ರ ಪಕ್ಕದಲ್ಲಿಟ್ಟುಕೊಳ್ಳದೆ ಕತ್ತರಿ ಹಿಡಿಯುವುದಿಲ್ಲ ಎಂದಿದ್ದರು ಡಾಕ್ಟರು. ತಂಗಿಗೆ, ಚಿತ್ರದ ಚಿಂತೆ ನನಗೆ ಬಿಡು, ಒಂದಕ್ಕೆ ಮೂರಿದೆ ಎಂದು ಧೈರ್ಯ ಹೇಳಿ ಬಂದಿದ್ದಳು ಅಕ್ಕ. ಅದಕ್ಕೇ ಎರಡೂ ಯಂತ್ರಗಳಲ್ಲಿದ್ದ ಪೊರಕೆಯನ್ನು ತಾನೇ ಕೂತು ತಿದ್ದಿದಳು. ತಿದ್ದಿದ್ದು ಜಾರಿಗೆ ಬರಲೆಂದೇ ಈಗ ಯಜಮಾನನನ್ನು ನಿಲ್ಲಿಸಿದ್ದು.

"ನಿಧಾನಪ್ಪ, ಮರಿ ಯಜಮಾನನ್ನ ಮುಟ್ಟಿದ್ಯಾ?"

"ನಿನ್ನೆ ಸಂಜೆ ಹೊರಡೋವಾಗ ಒಂದ್ಸಲ ನಿಲ್ಲಿಸಿ ಶುರು ಮಾಡ್ದೆ ಅಕ್ಕ. ಪೊರಕೆ ಸರಿಯಾಗಿ ಒಳಗೆ ಹೋಗುತ್ತಾ ನೋಡೋಣ ಅಂತ."

ಜನ್ಮದಲ್ಲಿ ಒಂದೇ ಒಂದು ಸಲ ಅವಸರ ಮಾಡಿದ್ದ ಪುಣ್ಯಾತ್ಮ, ಅದನ್ನೂ ಯಾರಿಗೂ ಹೇಳಿರಲಿಲ್ಲ.

ಈ ಯಜಮಾನರ ಗುಣ ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಶುರುವಾಗುವಾಗ ಮಾಡ್ಯೂಲನ್ನು ಒಮ್ಮೆ ಓದಿ ಬಾಯಿಪಾಠ ಮಾಡಿಕೊಂಡರೆ ಮುಗಿಯಿತು, ಆಮೇಲೆ ಪುಸ್ತಕವನ್ನು ಎಷ್ಟು ತಿದ್ದಿದರೂ ಒಪ್ಪಿಸುವುದು ಹಳೆಯ ಪಾಠವನ್ನೇ. ಪೊರಕೆಯನ್ನು ಇನ್ನೂ ಓದಿಯೇ ಇಲ್ಲ ಎಂದು ಅವಳು ನಂಬಿದ್ದ ಮರಿ ಯಜಮಾನ, ತಿದ್ದುವ ಮೊದಲಿನ ನಿನ್ನೆಯ ಪೊರಕೆಯನ್ನು ನುಂಗಿಕೊಂಡು ತೆಪ್ಪಗೆ ಕಾದಿದ್ದ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ, ದೊಡ್ಡವನನ್ನು ಇಳಿಸಿ ಮರಿಗೆ ಪಟ್ಟ ಕಟ್ಟಿದವಳು ಇವಳೇ.

ಅವನನ್ನೂ ನಿಲ್ಲಿಸುವ ಹೊತ್ತಿಗೆ ಗುಡಿಸಿ ಆಗಿತ್ತು. ಮಗುವಿನ ಹೆಸರು ಹಾಕಿ ಹುಡುಕಿದಳು. ಒಂದೂ ಇಲ್ಲ. ಮೂರು ಪ್ರತಿ ಇದೆಯಲ್ಲ ಅಕ್ಕ, ಎಂದ ನಿಧಾನಪ್ಪ. ಡಿಸ್ಕ್ ಕೆಟ್ಟರೆ ಮೂರರಲ್ಲಿ ಒಂದಾದರೂ ಉಳಿಯುತ್ತದೆ, ಅಳಿಸು ಎಂದರೆ ಮೂರೂ ಅಳಿಯುತ್ತವೆ.

ಫೋನ್ ಹೊಡೆದುಕೊಂಡಿತು. ತಂಗಿ.

"ಅಕ್ಕಾ, ಹಳೇ ಚಿತ್ರ ಸಿಗ್ತಿಲ್ಲ ಅಂತಿದ್ದಾರೆ ಡಾಕ್ಟ್ರು. ನಮ್ಮಕ್ಕನ ಹತ್ರ ಭದ್ರವಾಗಿದೆ ಅಂತ ಹೇಳಿದೀನಿ."

ಅಕ್ಕನ ಎದುರಿನ ಪರದೆಯಲ್ಲಿ ಮತ್ತೆ ಎದ್ದ ಯಜಮಾನನ ಹಸಿರು ದೀಪ ಹತ್ತಿತ್ತು: ಮೂರೂ ಪ್ರತಿಗಳು ಒಂದಕ್ಕೊಂದು ತಾಳೆಯಾಗಿವೆ, ಯಾವ ತೊಂದರೆಯೂ ಇಲ್ಲ.