ಎಂಟನೆಯ ವಿಭಕ್ತಿ

ಲ್ಯಾಟಿನ್ ಕಲಿಯುವ ಹುಡುಗಿಯರಿಗೆ ಸಂಬೋಧನಾ ವಿಭಕ್ತಿ, ಅಂದರೆ ಕರೆಯುವಾಗಿನ ರೂಪ, ಹೇಳಿಕೊಡುವಾಗೆಲ್ಲ ನನಗೆ ಇವತ್ತಿಗೂ ಹುಣಸೆಹಣ್ಣಿನ ವಾಸನೆ ಬರುತ್ತದೆ.

ತಮಿಳುನಾಡಿನ ನಂಗವಳ್ಳಿಯ ನಮ್ಮ ಶಾಲೆಯಲ್ಲಿ ತಮಿಳು ಟೀಚರು ಅದೇ ವಿಭಕ್ತಿಗೆ ಒಂದು ಉದಾಹರಣೆ ಕೇಳಿದ್ದರು. ನಾನು ಎದ್ದು ನಿಂತು ನಮ್ಮ ಮನೆಯ ಕನ್ನಡದಲ್ಲೇ ಗಟ್ಟಿಯಾಗಿ "ಅವ್ವಾ" ಅಂದುಬಿಟ್ಟೆ.

"ಬಂದೆ ಕಣವ್ವಾ, ಇಲ್ಲೇ ಇವ್ನಿ," ಅಂತ ಬಾಗಿಲಿಂದ ಉತ್ತರ ಬಂತು. ನಾನು ಮರೆತುಹೋಗಿದ್ದ ಊಟದ ಡಬ್ಬಿ ಹಿಡಿದು ಅವ್ವ ನಿಂತಿದ್ದಳು. ಹುಣಸೆ ಬಿಡಿಸುತ್ತಿದ್ದ ಕೈಯನ್ನು ತೊಳೆದೂ ಇರಲಿಲ್ಲ. ಕ್ಲಾಸೆಲ್ಲ ನಕ್ಕಿತು. ಯಾಕೆಂದು ತಿಳಿಯದೆ ಅವ್ವನೂ ನಕ್ಕಳು.

"ತಮಿಳ್ಲ ಸೊಲ್ಲುಮ್ಮಾ," ತಮಿಳಲ್ಲಿ ಹೇಳು ಎಂದು ಟೀಚರು ಮೆಲ್ಲಗೆ ಅಂದರು. ನಾನು ನೆಲ ನೋಡುತ್ತ "ಅಮ್ಮಾ" ಅಂದೆ. ಅವ್ವನತ್ತ ತಿರುಗಲಿಲ್ಲ.

ಸಂಜೆ ಮನೆಯ ಹೊಸ್ತಿಲಲ್ಲಿ ನಿಂತು, ಶಾಲೆಯ ಮಕ್ಕಳಂತೆ "ಅಮ್ಮಾ" ಎಂದು ಕರೆದೆ. ಒಳಗೆ ಹುಣಸೆ ಜಜ್ಜಿ ಬೀಜ ತೆಗೆಯುವ ಸದ್ದು ನಿಲ್ಲಲಿಲ್ಲ. ಇನ್ನೊಂದು ಸಲ ಕರೆದೆ.

ಅವ್ವ ಅಜ್ಜಿಗೆ ಹೇಳುವುದು ಕೇಳಿಸಿತು: "ಪಕ್ಕದ ಮನೆಯೋರ್ನ ಯಾರೋ ಕೂಗ್ತಾವ್ರೆ, ನೋಡತ್ತೆ."